ಹಾರ್ಡ್ ಡಿಸ್ಕಿಗೂ ಒಂದು ಛಂದಸ್ಸು ಬೇಕು

ಡಿಜಿಟಲ್ ಮಾಡಿಟ್ಟರೆ ಯಾವುದೂ ಹಾಳಾಗುವುದಿಲ್ಲ ಎಂಬ ಮಾತನ್ನು ನಮ್ಮ ಕಾಸರಗೋಡಿನಲ್ಲಿ ಯಾವ ಮನೆಗೆ ಹೋದರೂ ಕೇಳಬಹುದು. ನನ್ನ ಮಟ್ಟಿಗೆ ಇದು ಈ ಕಾಲದ ದೊಡ್ಡ ಮೂಢನಂಬಿಕೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಆಲ್ಬಮಿನ ಫೋಟೋಗಳು ಒಂದಕ್ಕೊಂದು ಅಂಟಿಕೊಂಡರೆ ಕೈಗೆ ಗೊತ್ತಾಗುತ್ತದೆ. ಹಾರ್ಡ್ ಡಿಸ್ಕಿನೊಳಗೆ ಒಂದು ಫೋಟೋ ಕೆಟ್ಟರೆ? ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟೋ ವರ್ಷ ಬಿಟ್ಟು ತೆರೆದು ನೋಡಿದರೆ ಹಣೆಯ ಕುಂಕುಮದ ತನಕ ಅಜ್ಜಿ ಇರುತ್ತಾರೆ. ಅದರ ಕೆಳಗೆ ಬರೀ ಬೂದು ಬಣ್ಣ.

ಹಾಗೆ ಅರ್ಧಕ್ಕೆ ತುಂಡಾಗುವುದಕ್ಕೆ ಕಾರಣ ಇದೆ. ಜೆಪೆಗ್ (ಜೆಪಿಜಿ) ಎಂಬ ಸಾಮಾನ್ಯ ಬಗೆಯ ಫೋಟೋದಲ್ಲಿ ಚಿತ್ರವನ್ನು 8 ಅಡ್ಡ 8 ಬಿಂದುಗಳ ಸಣ್ಣ ಚೌಕಗಳಾಗಿ ಒಡೆಯುತ್ತಾರೆ. ಜಾಗ ಉಳಿಸಲು ಪ್ರತಿ ಚೌಕದ ಮಾಹಿತಿಯನ್ನು ಬೇರೆ ಬೇರೆ ಉದ್ದದ ಸಂಕೇತಗಳಲ್ಲಿ ಬರೆಯುತ್ತಾರೆ. ಒಂದು ಸಂಕೇತ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಹೇಳುವ ಗುರುತು ನಡುವೆ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಎಲ್ಲವೂ 0 ಮತ್ತು 1ರ ಸಾಲು; ಅದರಲ್ಲಿ ಒಂದೊಂದೂ ಒಂದು ಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಒಂದು ಬಿಟ್ 0 ಇದ್ದದ್ದು 1 ಆದರೆ ಓದುವ ಪ್ರೋಗ್ರಾಂ ಅಲ್ಲಿಂದ ಮುಂದೆ ದಾರಿ ತಪ್ಪಬಹುದು. ಮೇಲಾಗಿ, ಒಂದು ಚೌಕದ ಸರಾಸರಿ ಹೊಳಪನ್ನು ಅದರ ಹಿಂದಿನ ಚೌಕದ ಹೊಳಪಿಗಿಂತ ಎಷ್ಟು ಹೆಚ್ಚು ಕಡಿಮೆ ಎಂದಷ್ಟೇ ಬರೆದಿರುತ್ತಾರೆ. ಹಾಗಾಗಿ ಒಂದು ಕಡೆಯ ತಪ್ಪು ಕೆಳಗಿನವರೆಗೂ ಹರಿಯುತ್ತದೆ. ಲಕ್ಷಾಂತರ ಬೈಟಿನ ಫೋಟೋವನ್ನು ಕೆಡಿಸಲು ಒಂದು ಬಿಟ್ ಸಾಕು, ಅಲ್ವಾ!

ಮನೆಯಲ್ಲೇ ಮೀಡಿಯಾ ಸರ್ವರ್ ಮಾಡಿಕೊಳ್ಳುವವರು ಈಗ ನಮ್ಮಲ್ಲೂ ಹೆಚ್ಚಾಗಿದ್ದಾರೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿದ್ದು ಅದಕ್ಕೊಂದು ಕಾರಣ. ಸರ್ವರ್ ಅಂದರೆ ದೊಡ್ಡ ವಿಷಯ ಏನಲ್ಲ, ಮನೆಯ ಫೋಟೋ, ವಿಡಿಯೋಗಳನ್ನು ಇಟ್ಟುಕೊಂಡು ಟಿವಿಗೆ, ಮೊಬೈಲಿಗೆ ಕೊಡುವ ಕಂಪ್ಯೂಟರ್. ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ, ಸಿನಿಮಾ ಮತ್ತು ವಿಡಿಯೋಗೆ ಜೆಲ್ಲಿಫಿನ್ ಎಂಬ ಪ್ರೋಗ್ರಾಂ, ಫೋಟೋಗೆ ಇಮ್ಮಿಚ್ ಎಂಬ ಇನ್ನೊಂದು. ಎರಡೂ ಉಚಿತ. ಬ್ಯಾಟರಿ ಇನ್ನೂ ಸರಿ ಇದ್ದರೆ ಕರೆಂಟು ಹೋದಾಗ ಲ್ಯಾಪ್‌ಟಾಪ್ ತಕ್ಷಣ ಆರುವುದಿಲ್ಲ. ಇಷ್ಟನ್ನು ಯೂಟ್ಯೂಬ್ ನೋಡಿ ಯಾರೂ ಮಾಡಬಹುದು. ಆದರೆ ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಟಿವಿಯಲ್ಲಿ ಪೋಸ್ಟರ್‌ಗಳು ಚೆಂದಕ್ಕೆ ಸಾಲಾಗಿ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಇಟ್ಟ ಫೈಲು ಇಟ್ಟ ಹಾಗೇ ಇದೆಯಾ ಎಂಬ ಪ್ರಶ್ನೆಯನ್ನೇ ಕೇಳುವುದಿಲ್ಲ.

ಈ ಪ್ರಶ್ನೆಗೆ ನಮ್ಮ ಹಿರಿಯರು ಒಂದು ಉತ್ತರ ಕಂಡುಕೊಂಡಿದ್ದರು. ತಾಳೆಗರಿಯಿಂದ ತಾಳೆಗರಿಗೆ ನಕಲು ಮಾಡುವಾಗ ತಪ್ಪು ಆಗಿಯೇ ಆಗುತ್ತದೆ. ಕಣ್ಣು ಜಾರುತ್ತದೆ, ಅಕ್ಷರ ಬಿಟ್ಟುಹೋಗುತ್ತದೆ. ಆದರೆ ಪದ್ಯ ಭಾಮಿನಿ ಷಟ್ಪದಿಯಲ್ಲಿದ್ದರೆ 1, 2, 4, 5ನೇ ಸಾಲುಗಳಲ್ಲಿ 3-4-3-4 ಎಂದು 14 ಮಾತ್ರೆ ಬರಲೇಬೇಕು. 3 ಮತ್ತು 6ನೇ ಸಾಲುಗಳಲ್ಲಿ 3-4-3-4-3-4, ಕೊನೆಗೊಂದು ಗುರು. ಅಂದರೆ 23. ಒಟ್ಟು 102 ಮಾತ್ರೆ. ಜೊತೆಗೆ ಆರೂ ಸಾಲಿನಲ್ಲಿ ಎರಡನೇ ಅಕ್ಷರದ ಪ್ರಾಸ. ಒಂದಕ್ಷರ ಬಿದ್ದರೆ ಯಕ್ಷಗಾನದ ಪದ ಹಾಡುವ ಭಾಗವತರಿಗೆ ಹಾಡುವಾಗಲೇ ಎಡವಟ್ಟು ಗೊತ್ತಾಗುತ್ತದೆ. ಅವರಿಗೆ ಮೂಲ ಪ್ರತಿ ಕೈಯಲ್ಲಿರಬೇಕೆಂದೇ ಇಲ್ಲ. ಪದ್ಯ ತನ್ನ ಪರೀಕ್ಷೆಯನ್ನು ತನ್ನ ಜೊತೆಗೇ ಹೊತ್ತು ತಿರುಗುತ್ತದೆ. ಕಂಪ್ಯೂಟರಿನಲ್ಲಿ ಚೆಕ್‌ಸಮ್ ಮಾಡುವ ಕೆಲಸ ಇದೇ. ಫೈಲಿನ ಎಲ್ಲ ಬಿಟ್‌ಗಳನ್ನು ಒಂದು ಲೆಕ್ಕಕ್ಕೆ ಹಾಕಿ, ಬಂದ ಉತ್ತರವನ್ನು ಬರೆದಿಡುವುದು. ಮುಂದೆ ಯಾವಾಗ ಬೇಕಾದರೂ ಮತ್ತೆ ಲೆಕ್ಕ ಹಾಕಿ ತಾಳೆ ನೋಡುವುದು.

ಛಂದಸ್ಸಿಗೆ ಒಂದು ಮಿತಿ ಇದೆ. ‘ಅರಸ’ ಇದ್ದ ಕಡೆ ಯಾರಾದರೂ ‘ನೃಪತಿ’ ಎಂದು ಬರೆದರೆ ಎರಡೂ ಮೂರು ಮಾತ್ರೆ. ಪ್ರಾಸದ ಜಾಗದಲ್ಲಿ ಇಲ್ಲದಿದ್ದರೆ ತಪ್ಪು ಯಾರಿಗೂ ಕಾಣದೆ ದಾಟಿಹೋಗುತ್ತದೆ. ಹಳೆಯ ಸರಳ ಚೆಕ್‌ಸಮ್‌ಗಳಿಗೂ ಇದೇ ತೊಂದರೆ ಇತ್ತು. ಬೈಟ್‌ಗಳನ್ನೆಲ್ಲ ಸುಮ್ನೆ ಕೂಡಿಸಿದರೆ, ಎರಡು ಬೈಟ್ ಅದಲು ಬದಲಾದರೂ ಮೊತ್ತ ಅಷ್ಟೇ ಬರುತ್ತದೆ. ಅಮೆರಿಕದ ಮಾನದಂಡ ಸಂಸ್ಥೆಯಾದ ನಿಸ್ಟ್ ಪ್ರಕಟಿಸಿದ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಈ ಕಳ್ಳದಾರಿ ಇಲ್ಲ.

ಅದು ನಡೆಯುವ ರೀತಿ ನನಗೆ ಬಲು ಇಷ್ಟ. ಫೈಲನ್ನು 512 ಬಿಟ್‌ಗಳ ತುಂಡುಗಳಾಗಿ ಮಾಡುತ್ತಾರೆ. 40 ಲಕ್ಷ ಬೈಟಿನ ಒಂದು ಫೋಟೋ ಎಂದರೆ ಸುಮಾರು 62,500 ತುಂಡು. ಕೈಯಲ್ಲಿ ಎಂಟು ಸಂಖ್ಯೆಗಳಿರುತ್ತವೆ, ಒಂದೊಂದೂ 32 ಬಿಟ್‌ನದು. ಮೊದಲ ತುಂಡನ್ನು ಇವುಗಳ ಜೊತೆ 64 ಸುತ್ತು ಕಲಸುತ್ತಾರೆ. ಪ್ರತಿ ಸುತ್ತಿನಲ್ಲಿ ಬಿಟ್‌ಗಳನ್ನು ತಿರುಗಿಸುವುದು, ಕೂಡಿಸುವುದು, ಒಂದರ ಮೇಲೊಂದು ಇಟ್ಟು ಹೋಲಿಸುವುದು. ಸುತ್ತು ಮುಗಿದಾಗ ಉಳಿದ ಎಂಟು ಸಂಖ್ಯೆಗಳ ಮೇಲೆ ಎರಡನೇ ತುಂಡು. ಅದರ ಫಲದ ಮೇಲೆ ಮೂರನೆಯದು. ಹೀಗೆ ಕೊನೆಯ ತುಂಡಿನ ತನಕ. ಮೊದಲ ತುಂಡಿನಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಅದರ ಪರಿಣಾಮ 62,500 ತುಂಡುಗಳನ್ನೂ ದಾಟಿ ಕೊನೆಗೆ ತಲುಪುತ್ತದೆ. ಬಂದ 256 ಬಿಟ್‌ಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬೇರೆಯಾಗಿರುತ್ತವೆ. ಈ ಉತ್ತರ ಎಷ್ಟು ಬಗೆಯಲ್ಲಿ ಇರಬಹುದು ಎಂದು ಎಣಿಸಿದರೆ 78 ಅಂಕೆಗಳ ಸಂಖ್ಯೆ ಬರುತ್ತದೆ. ನಿಮ್ಮ ಎರಡು ಬೇರೆ ಫೋಟೋಗಳಿಗೆ ಒಂದೇ ಉತ್ತರ ಬರಬಹುದು ಎಂದು ಹೆದರುವ ಅಗತ್ಯವೇ ಇಲ್ಲ. ಹಾಗಾಗಿ ಇದರಿಂದ ಇನ್ನೊಂದು ಲಾಭ. ಒಂದೇ ಫೋಟೋ ಐದು ಫೋಲ್ಡರಿನಲ್ಲಿ ಐದು ಹೆಸರಿನಲ್ಲಿ ಕೂತಿದ್ದರೂ ಉತ್ತರ ಒಂದೇ ಬರುತ್ತದೆ, ಸಿಕ್ಕಿಬೀಳುತ್ತದೆ.

ಬಿಟ್ ಹಾಗೆಲ್ಲ ತಾನಾಗಿ ಬದಲಾಗುತ್ತದಾ ಎಂದು ಕೇಳುವವರಿದ್ದಾರೆ. 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್ಬೇಕ್ ಎಂಬಲ್ಲಿ ಮತಯಂತ್ರದ ಲೆಕ್ಕದಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ಬಂತು. 4096 ಎಂದರೆ ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದಷ್ಟು. ಒಂದೇ ಬಿಟ್ ತಿರುಗಿಬಿದ್ದರೆ ಸರಿಯಾಗಿ ಬರುವ ವ್ಯತ್ಯಾಸ. ತನಿಖೆ ಮಾಡಿದವರು ಬಂದು ನಿಂತದ್ದೂ ಅಲ್ಲಿಗೇ. ಹಾರ್ಡ್ ಡಿಸ್ಕ್ ತನ್ನೊಳಗೇ ತಪ್ಪು ತಿದ್ದುವ ಏರ್ಪಾಡು ಇಟ್ಟುಕೊಂಡಿರುತ್ತದೆ, ನಿಜ. ಆದರೂ ಮನೆಬಳಕೆಯ ಡಿಸ್ಕುಗಳಿಗೆ ತಯಾರಕರೇ ಕೊಡುವ ಲೆಕ್ಕದಲ್ಲಿ, ಸುಮಾರು 12.5 ಟೆರಾಬೈಟ್ ಓದುವಾಗ ಒಂದು ಕಡೆ ಓದಲಾಗದೆ ಹೋಗಬಹುದು. ಅದಕ್ಕಿಂತ ಕೆಟ್ಟದ್ದು ಸದ್ದಿಲ್ಲದ ತಪ್ಪು. ನಕಲು ಮಾಡುವ ಹೊತ್ತಿಗೆ ಕೆಟ್ಟ ರ‍್ಯಾಮ್, ಸಡಿಲ ಕೇಬಲ್, ಅರ್ಧದಲ್ಲಿ ಹೋದ ಕರೆಂಟು. ಡಿಸ್ಕು ಸರಿ ಇದೆ, ಬರೆದದ್ದೇ ತಪ್ಪು.

ಮಳೆಗಾಲದಲ್ಲಿ ಹಾರ್ಡ್ ಡಿಸ್ಕನ್ನು ಅಕ್ಕಿ ಡಬ್ಬದಲ್ಲಿ ಇಡುವ ಉಪಾಯವನ್ನು ದಯವಿಟ್ಟು ಬಿಡಿ. ಅಕ್ಕಿಯಿಂದ ದಕ್ಕುವುದು ಧೂಳು ಮಾತ್ರ. ಪೆನ್‌ಡ್ರೈವನ್ನು ಮುಟ್ಟದೆ ಕಪಾಟಿನಲ್ಲಿಟ್ಟರೆ ಶಾಶ್ವತ ಎಂಬುದೂ ಸುಳ್ಳು. ಅದರೊಳಗೆ ಮಾಹಿತಿ ಇರುವುದು ವಿದ್ಯುದಂಶದ ರೂಪದಲ್ಲಿ. ಅದು ನಿಧಾನಕ್ಕೆ ಸೋರುತ್ತದೆ.

ಇನ್ನು, ತಪ್ಪು ಇದೆ ಎಂದು ಗೊತ್ತಾದರೆ ಸಾಕೇ? 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಕ್ಕೆ ಯಂತ್ರಕ್ಕೆ ಲೆಕ್ಕ ಕೊಟ್ಟು ಹೋಗುತ್ತಿದ್ದರು. ಯಂತ್ರ ತಪ್ಪು ಕಂಡರೆ ಆ ಲೆಕ್ಕವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಏನೂ ಆಗಿರುತ್ತಿರಲಿಲ್ಲ. ತಪ್ಪು ಇದೆ ಎಂದು ತಿಳಿಯುವ ಯಂತ್ರಕ್ಕೆ, ಎಲ್ಲಿದೆ ಎಂದು ತಿಳಿದು ತಿದ್ದಲು ಯಾಕಾಗಬಾರದು ಎಂದು ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನ ಫಲ 1950ರಲ್ಲಿ ಪ್ರಕಟವಾದ ಹ್ಯಾಮಿಂಗ್ ಸಂಕೇತ. ತಿದ್ದಬೇಕಾದರೆ ಹೆಚ್ಚುವರಿ ಮಾಹಿತಿ ಇಟ್ಟಿರಬೇಕು, ಅಷ್ಟೇ ಅದರ ಗುಟ್ಟು.

ಕಾಗದದ ಮೇಲೆ ನೀವೇ ಮಾಡಿ ನೋಡಿ. ಒಂದು ಡಿಸ್ಕಿನಲ್ಲಿ 1011, ಇನ್ನೊಂದರಲ್ಲಿ 0110 ಇದೆ. ಒಂದರ ಕೆಳಗೆ ಒಂದು ಬರೆಯಿರಿ. ಎರಡೂ ಒಂದೇ ಆಗಿದ್ದರೆ 0, ಬೇರೆ ಬೇರೆಯಾಗಿದ್ದರೆ 1. ಬಂದದ್ದು 1101. ಇದನ್ನು ಮೂರನೇ ಡಿಸ್ಕಿನಲ್ಲಿಡಿ. ಈಗ ಮೊದಲ ಡಿಸ್ಕ್ ಸುಟ್ಟುಹೋಯಿತು ಅನ್ನಿ. ಉಳಿದ ಎರಡನ್ನು, 0110 ಮತ್ತು 1101ನ್ನು, ಹಾಗೇ ಹೋಲಿಸಿ. 1011 ಎದ್ದು ಬರುತ್ತದೆ! ಹಲವು ಡಿಸ್ಕುಗಳನ್ನು ಒಟ್ಟಾಗಿ ಬಳಸುವ ರೇಡ್ ಎಂಬ ಏರ್ಪಾಡಿನ ಒಂದು ಬಗೆ ನಡೆಯುವುದು ಇದೇ ಲೆಕ್ಕದ ಮೇಲೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್, ಕ್ಯಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಆ ಹೆಸರಿನಿಂದ ವಿವರಿಸಿದರು. ಆದರೆ ರೇಡ್ ಇದೆ, ಬ್ಯಾಕಪ್ ಬೇಡ ಎನ್ನುವವರನ್ನು ಕಂಡರೆ ನನಗೆ ತಳಮಳ. ಮಗು ಒಂದು ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕಿನಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ಪತ್ತನಾಜೆಯ ಹೊತ್ತಿನ, ಅಂದರೆ ಮೇ ಕೊನೆಯ, ಸಿಡಿಲು ಒಂದು ಪೆಟ್ಟಿಗೆಗೆ ಬಡಿದರೆ ಒಳಗಿನ ಮೂರೂ ಡಿಸ್ಕು ಒಟ್ಟಿಗೆ ಹೋಗಬಹುದು.

ನಮ್ಮಲ್ಲಿ ಮೊದಲು ಉಳಿಸಬೇಕಾದದ್ದು ವಿಸಿಡಿಗಳನ್ನು, ಅಂದರೆ ವಿಡಿಯೋ ತುಂಬಿದ ಸಿಡಿಗಳನ್ನು. ಮದುವೆ, ಉಪನಯನ, ಊರಿನ ಯಕ್ಷಗಾನದ ಆಟ, ತಾಳಮದ್ದಳೆ ಎಲ್ಲ ಒಂದು ಕಾಲದಲ್ಲಿ ವಿಸಿಡಿಗೇ ಬಂದವು. ಸಾಮಾನ್ಯ ಸಿಡಿಯಲ್ಲಿ ಫೈಲು ಬರೆಯುವಾಗ ಪ್ರತಿ ತುಣುಕಿನಲ್ಲಿ 2048 ಬೈಟ್ ಮಾಹಿತಿ, ಉಳಿದ ಜಾಗದಲ್ಲಿ ತಪ್ಪು ತಿದ್ದುವ ಒಂದು ಹೆಚ್ಚಿನ ಪದರ. ವಿಸಿಡಿಯಲ್ಲಿ ವಿಡಿಯೋ ಜಾಸ್ತಿ ಹಿಡಿಸಲೆಂದು ಆ ಪದರವನ್ನು ಬಿಟ್ಟು 2324 ಬೈಟ್ ತುಂಬಿದರು. ಎಲ್ಲ ಸಿಡಿಗಳಲ್ಲೂ ಇರುವ ಕೆಳಗಿನ ಪದರದ ರಕ್ಷಣೆ ಸಣ್ಣ ಗೀರುಗಳಿಗೆ ಸಾಕು. ಅದನ್ನು ದಾಟಿದ ಗೀರಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿ. 352 ಅಡ್ಡ 288ರ ಆ ಚಿತ್ರವನ್ನು ದೊಡ್ಡದು ಮಾಡುವ ಆಸೆಯಿಂದ ಮೂಲವನ್ನು ಬಿಸಾಡಬೇಡಿ.

ಹೆಸರು ಮತ್ತು ತಾರೀಕಿನ ಬಗ್ಗೆ ಎರಡು ಮಾತು. ಫೋಟೋವನ್ನು ವರ್ಷ, ತಿಂಗಳಿನ ಫೋಲ್ಡರಿಗೆ ಹಾಕುವಾಗ ಅದರೊಳಗೆ ಕ್ಯಾಮೆರಾ ಬರೆದ ಎಕ್ಸಿಫ್ ತಾರೀಕನ್ನೇ ನಂಬಿ. ಫೈಲಿನ ತಾರೀಕು ನಕಲು ಮಾಡಿದಾಗ ಬದಲಾಗಬಹುದು. ವಾಟ್ಸಾಪಿನಲ್ಲಿ ಫೋಟೋ ಎಂದೇ ಕಳಿಸಿದರೆ ಎಕ್ಸಿಫ್ ಹೋಗಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಗಲ್ಫ್‌ನಿಂದ ಬಂದವರ ಕ್ಯಾಮೆರಾ ಇದ್ದರೆ ಇನ್ನೊಂದು ಎಚ್ಚರ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಸಮಯ ಬದಲಿಸದೆ ಮದುವೆಯಲ್ಲಿ ಕ್ಲಿಕ್ ಮಾಡಿದರೆ, ಸರ್ವರಿನಲ್ಲಿ ದಿಬ್ಬಣ ಬರುವ ಮೊದಲೇ ಧಾರೆ ಆಗಿರುತ್ತದೆ! ಎಕ್ಸಿಫ್‌ಗೆ ಸಮಯವಲಯ ಬರೆಯುವ ಜಾಗ ಬಂದದ್ದೇ 2016ರಲ್ಲಿ. ಹಳೆಯ ಫೋಟೋಗಳಿಗೆ ಎಕ್ಸಿಫ್‌ಟೂಲ್ ಎಂಬ ಪ್ರೋಗ್ರಾಂ ಬಳಸಿ ಒಂದೇ ಸಲಕ್ಕೆ 90 ನಿಮಿಷ ಕೂಡಿಸಬಹುದು.

ಯಕ್ಷಗಾನದ ಆಟದ ವಿಡಿಯೋಗಳನ್ನು ಜೆಲ್ಲಿಫಿನ್‌ನ ಸಿನಿಮಾ ವಿಭಾಗಕ್ಕೆ ಹಾಕಬೇಡಿ. ಪ್ರಸಂಗದ ಹೆಸರು ನೋಡಿ ಅದು ಯಾವುದೋ ಪೌರಾಣಿಕ ಸಿನಿಮಾದ ಪೋಸ್ಟರ್ ತಂದು ಅಂಟಿಸಬಹುದು. ಮನೆಯ ವಿಡಿಯೋಗಳ ವಿಭಾಗವೇ ಅದಕ್ಕೆ ಸರಿ. ಮೇಳ, ಪ್ರಸಂಗ, ಸ್ಥಳ, ತಾರೀಕು ಇವನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಧೈರ್ಯವಾಗಿ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಹಾಗಾಗಿ 85 ಚಿಹ್ನೆ ಹಿಡಿಸುತ್ತದೆ. ಒತ್ತು, ಕೊಂಬು, ದೀರ್ಘ ಎಲ್ಲ ಇದರಲ್ಲಿ ಲೆಕ್ಕಕ್ಕೆ ಬರುತ್ತವೆ. ‘ಕಾಸರಗೋಡು’ ಎಂದು ಬರೆದರೆ 24 ಬೈಟ್. ಆಪಲ್ ಕಂಪನಿಯ ಹಳೆಯ ಮ್ಯಾಕ್‌ನಿಂದ ಬಂದ ಫೋಲ್ಡರಾದರೆ ಅದೇ ಹೆಸರು 30 ಬೈಟ್. ‘ಗೋ’ದಲ್ಲಿರುವ ಓಕಾರವನ್ನು ಆ ಮ್ಯಾಕ್ ಮೂರು ಚಿಹ್ನೆಗಳಾಗಿ ಬಿಡಿಸಿ ಬರೆಯುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಸರ್ವರಿಗೆ ಎರಡು ಬೇರೆ ಫೋಲ್ಡರ್. ಹೀಗಾದಾಗ ವೈರಸ್ ಬಂತು ಎಂದು ಗಾಬರಿ ಬೀಳಬೇಡಿ, ಒಂದರೊಳಗಿನದನ್ನು ಇನ್ನೊಂದಕ್ಕೆ ಸರಿಸಿ.

ಎಲ್ಲ ಜೋಡಿಸಿದ ಮೇಲೆ ಚೆಕ್‌ಸಮ್ ಪಟ್ಟಿ ಮಾಡಿ. ಲಿನಕ್ಸ್‌ನಲ್ಲಿ ಅದಕ್ಕೆ ಬೇಕಾದ ಸಣ್ಣ ಪ್ರೋಗ್ರಾಂ ಮೊದಲೇ ಇರುತ್ತದೆ. 50 ಸಾವಿರ ಫೋಟೋಗಳ ಪಟ್ಟಿಯೂ ಹತ್ತಿಪ್ಪತ್ತು ಮೆಗಾಬೈಟ್ ದಾಟುವುದಿಲ್ಲ, ನಿಮಗೆ ನೀವೇ ಇಮೇಲ್ ಮಾಡಿಟ್ಟುಕೊಳ್ಳಬಹುದು. ಎರಡನೇ ಪ್ರತಿ ಮನೆಯ ಸರ್ವರಿನ ಪಕ್ಕದ ಬಾಹ್ಯ ಡಿಸ್ಕಿನಲ್ಲಿ, ಓದಿ ಬರೆದ ಮೇಲೆ ಪ್ಲಗ್ ತೆಗೆದು. ಮೂರನೆಯದು ಬೇರೆ ಊರಿನಲ್ಲಿ, ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಇರುವ ಅಕ್ಕನ ಮನೆಯಲ್ಲಿ. ದೀಪಾವಳಿಗೆ ಹೋಗುವಾಗ ಹೊಸ ಪ್ರತಿಯ ಡಿಸ್ಕ್ ಕೊಂಡುಹೋಗಿ, ಪಟ್ಟಿಯ ಜೊತೆ ಅಲ್ಲೇ ತಾಳೆ ನೋಡಿ. ಒಂದು ಟೆರಾಬೈಟ್ ಓದಲು ಮೂರು ಗಂಟೆ ಹಿಡಿಯಬಹುದು, ಊಟ ಮಾಡಿ ಮಾತಾಡುವಷ್ಟರಲ್ಲಿ ಆಗುತ್ತದೆ. ಎಲ್ಲ ಸರಿ ಬಂದರೆ ಅಲ್ಲಿದ್ದ ಹಳೆಯ ಡಿಸ್ಕನ್ನು ವಾಪಸ್ ತನ್ನಿ. ಒಂದು ಫೈಲು ತಾಳೆಯಾಗದಿದ್ದರೂ ಹಳೆಯದನ್ನು ಅಳಿಸುವ ಮೊದಲು ಆ ಫೈಲನ್ನು ಅದರಿಂದ ತೆಗೆದುಕೊಳ್ಳಿ.