ಐಹೊಳೆಯ ಬ್ರಹ್ಮ ಮುಂಬೈಯಲ್ಲಿ ಯಾಕಿದ್ದಾನೆ?

ಮುಂಬೈಗೆ ಬರುವ ನೆಂಟರಿಗೆ ಸಮುದ್ರ ತೋರಿಸಿದ ಮೇಲೆ ನಾನು ಕಾಲಾ ಘೋಡಾದ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಎಂಬ ಹೆಸರು ಬಂದು ಎಷ್ಟೋ ವರ್ಷವಾಯಿತು. ಹಳಬರ ಬಾಯಲ್ಲಿ ಅದಿನ್ನೂ 'ಪ್ರಿನ್ಸ್ ಆಫ್ ವೇಲ್ಸ್'. ಕಳೆದ ಸಲ ಇಳಕಲ್ಲಿನ ನಮ್ಮ ದೊಡ್ಡವ್ವ ಬಂದಿದ್ದಳು. ಶಿಲ್ಪಗಳ ನಡುವೆ ಮೂರು ಮುಖದ ಬ್ರಹ್ಮ, ಸುತ್ತ ಋಷಿಗಳು. ಇದು ಐಹೊಳೆಯದು ಎಂದೆ. ದೊಡ್ಡವ್ವ ಅಲ್ಲೇ ನಿಂತಳು. "ನಮ್ಮ ಐಹೊಳಿದಾ? ಇಲ್ಲಿಗ್ಯಾಕ ತಂದ್ರು?"

ಕದ್ದು ತಂದದ್ದಲ್ಲ. ಆಗ ನಮಗೆ ರಾಜಧಾನಿಯೇ ಮುಂಬೈ.

ಬೆಳಗಾವಿ, ಧಾರವಾಡ, ಬಿಜಾಪುರ ಜಿಲ್ಲೆಗಳೆಲ್ಲ ಮುಂಬೈ ಪ್ರಾಂತ್ಯದೊಳಗಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಇದಕ್ಕೇ ಸೇರಿಸಿದರು. ಐಹೊಳೆ ಇದ್ದದ್ದು ಬಿಜಾಪುರ ಜಿಲ್ಲೆಯಲ್ಲಿ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಧಾರವಾಡದ ಹುಡುಗ ಬಿ.ಎ. ಪಾಸಾದರೆ ಡಿಗ್ರಿ ಕೊಡುತ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯ. ಹೈಕೋರ್ಟಿನ ಕೇಸಿದ್ದರೆ ರೈಲು ಹತ್ತಿ ಇಲ್ಲಿಗೇ ಬರಬೇಕಿತ್ತು. ಕಲ್ಲುಗಳೂ ಅದೇ ದಾರಿ ಹಿಡಿದವು.

ಪುರಾತತ್ವ ಇಲಾಖೆಯ ಪಶ್ಚಿಮ ವಿಭಾಗದ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಗುಡಿಗಳನ್ನು ಒಂದೊಂದಾಗಿ ಅಳೆದು, ಫೋಟೋ ತೆಗೆದು ಬರೆದಿಟ್ಟವರು. ಮುಂಬೈಯಲ್ಲಿ ಮ್ಯೂಸಿಯಂ ಎದ್ದಾಗ ಪುಣೆಯಲ್ಲಿ ಕೂಡಿಟ್ಟಿದ್ದ ಶಿಲ್ಪಗಳೂ ಏಷಿಯಾಟಿಕ್ ಸೊಸೈಟಿಯ ಸಂಗ್ರಹವೂ ಇಲ್ಲಿಗೆ ಬಂದವು. ಜೊತೆಗೆ ವ್ಯಾಪಾರಿ ಪುರುಷೋತ್ತಮ ಮಾವಜಿ ಅವರ ಚಿತ್ರಗಳು, ಟಾಟಾ ಅಣ್ಣತಮ್ಮಂದಿರ ಸಂಗ್ರಹ. ಅಡಿಗಲ್ಲು ಬಿದ್ದದ್ದು 1905ರಲ್ಲಿ. 1914ಕ್ಕೆ ಕಟ್ಟಡ ಮುಗಿಯಿತು. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಅದು ಸೈನಿಕರ ಆಸ್ಪತ್ರೆಯಾಯಿತು. ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿ 10ರಂದು.

1956ರ ನವೆಂಬರ್ 1ರಂದು ನಾಲ್ಕೂ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋದವು. ಬ್ರಹ್ಮ ಇಲ್ಲೇ ಉಳಿದ. ವಾಪಸ್ ಕೊಡಬೇಕಾ? ನನಗೇನೋ ಹಾಗನ್ನಿಸುವುದಿಲ್ಲ. ಈ ಊರಿನಲ್ಲಿ ಪಾರ್ಸಿ, ಗುಜರಾತಿ, ಮರಾಠಿಯವರ ನಡುವೆ ಬಿಜಾಪುರ ಕಡೆಯವರೂ ಲಕ್ಷಣವಾಗಿ ಬದುಕಿದ್ದಾರೆ, ಅವನೂ ಇರಲಿ. ಆದರೆ ಅವನು ಗುಡಿಯ ಚಾವಣಿಯಲ್ಲಿದ್ದವನು ಅನ್ನುವುದು ಮರೆಯಬಾರದು. ಏಳನೇ ಶತಮಾನದ ಶಿಲ್ಪಿ ಅವನನ್ನು ಕೆತ್ತಿದ್ದು ಕೆಳಗೆ ನಿಂತು ಕತ್ತೆತ್ತಿ ನೋಡುವವರಿಗಾಗಿ. ಇಲ್ಲಿ ಎದುರಾಬದುರು ನಿಂತು ನೋಡುತ್ತೇವೆ. ಬೆರಳು, ಗಡ್ಡ, ಸರ ಎಲ್ಲ ಹತ್ತಿರದಿಂದ ಕಾಣುತ್ತವೆ, ನಿಜ. ತಲೆಯ ಮೇಲೆ ದೇವರಿದ್ದಾನೆ ಅನ್ನುವ ಆ ಭಾವ ಮಾತ್ರ ಐಹೊಳೆಯಲ್ಲೇ ಉಳಿಯಿತು.

ಇನ್ನೊಂದು ವಿಷಯ ದೊಡ್ಡವ್ವನಿಗೆ ಹೊರಗೆ ಬರುವಾಗ ಹೇಳಿದೆ. ಕಟ್ಟಡದ ವಿನ್ಯಾಸ ಮಾಡಿದ ಜಾರ್ಜ್ ವಿಟ್ಟೆಟ್ ಗುಮ್ಮಟಕ್ಕೆ ಗೋಲ್ಕೊಂಡವನ್ನು, ಒಳಗಿನ ಕಮಾನುಗಳಿಗೆ ನಮ್ಮ ಗೋಳಗುಮ್ಮಟವನ್ನು ಮಾದರಿ ಮಾಡಿಕೊಂಡಿದ್ದರು. ಅವಳು ಸೆರಗು ಸರಿಮಾಡಿಕೊಂಡು ಕತ್ತೆತ್ತಿದಳು. "ಹಂಗಾರ ಇಲ್ಲಿ ಕೂಗಿದ್ರ ಏಳು ಸಲ ಕೇಳತೈತೇನು?" ಕಾವಲುಗಾರ ನಮ್ಮನ್ನೇ ನೋಡುತ್ತಿದ್ದ.