ಪದ ಪರಿಚಯ: ಮೌಲ್ಯಾಂಕನ

ನಮ್ಮ ಕಲಬುರಗಿ ಕಡೆ ಸಾಲಿ ಬಿಟ್ಟು ಬಂದ ಮಗುವನ್ನು ‘ಮೌಲ್ಯಾಂಕನ ಹೆಂಗಾಯ್ತು?’ ಅಂತ ಯಾರೂ ಕೇಳಲ್ಲ. ‘ಪೇಪರ್ ಹೆಂಗಿತ್ತು?’ ಅಂತಲೇ ಕೇಳುತ್ತಾರೆ. ಆದರೂ ಈ ಪದ ಸುತ್ತೋಲೆಗಳಲ್ಲಿ, ಕೋರ್ಟ್ ಸುದ್ದಿಗಳಲ್ಲಿ, ಪೋಷಕರ ಸಭೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಏನಿದು?

ಬಿಡಿಸಿದರೆ ಮೌಲ್ಯ ಮತ್ತು ಅಂಕನ. ಅಂಕನ ಅಂದರೆ ಗುರುತು ಹಾಕುವುದು. ಮಗುವಿಗೆ ಏನು ಬಂದಿದೆ, ಎಲ್ಲಿ ತಡವರಿಸುತ್ತಿದೆ ಅಂತ ಗುರುತಿಸಿ, ಮುಂದೆ ಹೇಗೆ ಕಲಿಸಬೇಕು ಅಂತ ಯೋಚಿಸುವುದು ಇದರ ಉದ್ದೇಶ. ಶಾಲೆಗಳಲ್ಲಿ ಇದಕ್ಕೆ ಎರಡು ರೂಪ ಇವೆ. ವರ್ಷದ ನಡುವೆ ಪಾಠದ ಜೊತೆಜೊತೆಗೇ ನಡೆಯುವುದು ರೂಪಣಾತ್ಮಕ. ಅವಧಿಯ ಕೊನೆಗೆ ಒಟ್ಟಾರೆ ನೋಡುವುದು ಸಂಕಲನಾತ್ಮಕ. ಶಿಕ್ಷಕರು ಎಫ್‌ಎ, ಎಸ್‌ಎ ಅಂತಾರಲ್ವಾ, ಅವೇ ಇವು.

ಜಗಳ ಶುರುವಾಗಿದ್ದು ಎಸ್‌ಎ-2, ಅಂದರೆ ವರ್ಷದ ಕೊನೆಯ ಸಂಕಲನಾತ್ಮಕ, ಶಾಲೆಯ ಕೈಬಿಟ್ಟು ಹೋದಾಗ. 5 ಮತ್ತು 8ನೇ ತರಗತಿಗೆ ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ ಅಂತ ಸರ್ಕಾರ ಹೇಳಿತು. 2023ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಮುಂದಿನ ವರ್ಷ 9 ಮತ್ತು 11ನೇ ತರಗತಿಗಳೂ ಸೇರಿದವು. ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ, ಪ್ರಾಥಮಿಕ ಶಿಕ್ಷಣ, ಅಂದರೆ 8ನೇ ತರಗತಿ, ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಲೇಬೇಕು ಅನ್ನುವಂತಿಲ್ಲ. ಸರ್ಕಾರದ ಉತ್ತರ, ‘ಯಾರನ್ನೂ ನಪಾಸು ಮಾಡಲ್ಲ, ಇದು ಮೌಲ್ಯಾಂಕನ.’ ಹಾಗಾಗಿ ಪದವೇ ವಾದದ ನಡುವೆ ಬಂದು ನಿಂತಿತು.

2024ರಲ್ಲಿ ಮಕ್ಕಳು ಪಟ್ಟ ಪಾಡು ನೆನೆದರೆ ಈಗಲೂ ಬೇಸರ ಆಗುತ್ತದೆ. ಮಾರ್ಚ್ 6ಕ್ಕೆ ಹೈಕೋರ್ಟ್ ಏಕಸದಸ್ಯ ಪೀಠ ಪರೀಕ್ಷೆ ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. 25ಕ್ಕೆ ಮತ್ತೆ ಶುರು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ತಡೆ. ಹತ್ತು ವರ್ಷದ ಮಗು ಅದೇ ಪಾಠವನ್ನು ಎಷ್ಟು ಸಲ ಓದಿ ಎಷ್ಟು ಸಲ ಮಡಚಿಡಬೇಕು?

ಎಲ್ಲ ಪೋಷಕರೂ ಇದನ್ನು ವಿರೋಧಿಸಿದರು ಅಂತ ಹೇಳಲಾರೆ. ‘ಪರೀಕ್ಷೆ ಇರ್ಲಿಲ್ಲಂದ್ರ ಹುಡುಗರು ಪುಸ್ತಕನೇ ಮುಟ್ಟಂಗಿಲ್ಲ’ ಅನ್ನುವವರು ನಮ್ಮ ಓಣಿಯಲ್ಲೇ ಜಾಸ್ತಿ. ಆದರೆ ವಿರೋಧಿಸಿದವರ ಮಾತನ್ನು ‘ಪರೀಕ್ಷೆಗೆ ಹೆದರಿದರು’ ಅಂತ ಸುಮ್ನೆ ತಳ್ಳಿಹಾಕುವುದು ತಪ್ಪು.

ಒಂದು ಪೋಷಕರ ಸಭೆಯಲ್ಲಿ ನಾನೇ ಕಂಡಿದ್ದು. ತಾಂಡಾದಿಂದ ಬಂದ ತಾಯಿಯೊಬ್ಬರು ಮಗಳ ಪ್ರಗತಿಪತ್ರವನ್ನು ಸೆರಗಿನಿಂದ ಒರೆಸಿ ಮಾಸ್ತರ ಮುಂದಿಟ್ಟರು. ಗಣಿತದ ಸಾಲಿನ ಮೇಲೆ ಬೆರಳಿಟ್ಟರು.

‘ಸರ, ಸಿ ಅಂದ್ರ ನಪಾಸ್ ಏನ್ರಿ?’

‘ಇಲ್ಲ ಯಕ್ಕಾ, ನಪಾಸ್ ಯಾರೂ ಇಲ್ಲ.’

‘ಹಂಗಾದ್ರ ನನ್ ಮಗಳಿಗಿ ಏನ್ ಬರಂಗಿಲ್ಲ ಅಂತ ಇದ್ರಾಗ ಎಲ್ಲಿ ಬರ್ದೈತ್ರಿ?’

ಎಲ್ಲೂ ಬರೆದಿರಲಿಲ್ಲ. ಮೌಲ್ಯಾಂಕನ ಅನ್ನುವ ಪದಕ್ಕೆ ಆ ತಾಯಿ ಕೇಳಿದ್ದಕ್ಕಿಂತ ಸರಿಯಾದ ಅರ್ಥ ನನಗೆ ಇನ್ನೂ ಸಿಕ್ಕಿಲ್ಲ.

ನಮ್ಮ ಭಾಗದಲ್ಲಿ ಒಂದೇ ಪ್ರಶ್ನೆಪತ್ರಿಕೆ ಅಂದರೆ ಇನ್ನೂ ಕಷ್ಟ. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಬೀದರ್ ಕಡೆ ಮರಾಠಿ, ಉರ್ದು. ಯಾದಗಿರಿಯ ಗಡಿ ಹಳ್ಳಿಗಳಲ್ಲಿ ತೆಲುಗು. ಲೆಕ್ಕ ಗೊತ್ತಿದ್ದರೂ ಪ್ರಶ್ನೆಯ ಕನ್ನಡ ತಿಳಿಯದೆ ಕೈಕಟ್ಟಿ ಕೂರುವ ಮಕ್ಕಳಿದ್ದಾರೆ. ತೊಗರಿ ರಾಶಿ ಮುಗಿದ ಮೇಲೆ ಮನೆಯವರ ಜೊತೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಮಕ್ಕಳೂ ಇದ್ದಾರೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. 2024ರಲ್ಲಿ ಯಾದಗಿರಿ ಶೇ. 50.59ರೊಂದಿಗೆ ಕೊನೆಗೆ. 2025ರಲ್ಲಿ ನಮ್ಮ ಕಲಬುರಗಿಯೇ ಕೊನೆಗೆ, ಶೇ. 42.43. ನಾವು ಹಿಂದಿದ್ದೇವೆ ಅಂತ ತಿಳಿಯಲು 5ನೇ ತರಗತಿಗೆ ಇನ್ನೊಂದು ಪರೀಕ್ಷೆ ಬೇಕಿಲ್ಲ. ಖಾಲಿ ಹುದ್ದೆಗೆ ಗಣಿತದ ಶಿಕ್ಷಕರು ಬೇಕು.

ಆ ದಿನ ಮಾಸ್ತರು ಪ್ರಗತಿಪತ್ರ ಪಕ್ಕಕ್ಕಿಟ್ಟು, ಹುಡುಗಿಯ ನೋಟ್‌ಬುಕ್ ತೆಗೆಸಿದರು. ‘ಭಾಗಾಕಾರದಾಗ ಶೇಷ ಉಳಿದ್ರ ಇಕಿ ಅಲ್ಲೇ ನಿಲ್ತಾಳ ನೋಡ್ರಿ’ ಅಂತ ಒಂದು ಲೆಕ್ಕ ತೋರಿಸಿದರು. ತಾಯಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಪುಟದ ಮೂಲೆ ಮಡಚಿಕೊಂಡರು.