‘ಕವರ್ಡ್ ಕಾರ್ ಪಾರ್ಕಿಂಗ್ ಚಾರ್ಜ್’ ಅಂದ್ರೆ ಯಾವುದಕ್ಕೆ ಕೊಡೋ ದುಡ್ಡು?

ಬಳ್ಳಾರಿಯಲ್ಲಿ ಫ್ಲ್ಯಾಟ್ ನೋಡೋಕೆ ಹೋದ್ರೆ ಬಿಲ್ಡರ್ ಆಫೀಸಲ್ಲಿ ಒಂದು ಕಾಸ್ಟ್ ಶೀಟ್ ಕೈಗೆ ಕೊಡ್ತಾರೆ. ಮೇಲೆ ಸ್ಕ್ವೇರ್ ಫೀಟ್ ರೇಟು, ಅದರ ಕೆಳಗೆ ಫ್ಲೋರ್ ರೈಸು, ಕರೆಂಟಿಗೆ ಜೆಸ್ಕಾಂ ಡಿಪಾಸಿಟ್ಟು, ನೀರಿನ ಕನೆಕ್ಷನ್ನು, ಲೀಗಲ್ ಚಾರ್ಜು, ಇವುಗಳ ಮಧ್ಯ ಒಂದು ಸಾಲು ಸುಮ್ನೆ ಕೂತಿರ್ತೈತೆ, ‘ಕವರ್ಡ್ ಕಾರ್ ಪಾರ್ಕಿಂಗ್’ ಅಂತ, ಮುಂದೆ ಒಂದು ರೌಂಡ್ ಫಿಗರ್ರು, ಎರಡು ಲಕ್ಷನೋ ಎರಡೂವರೆನೋ. ಸ್ಕ್ವೇರ್ ಫೀಟಿಗೆ ಐವತ್ತು ರೂಪಾಯಿ ಇಳಿಸೋಕೆ ಅರ್ಧ ಗಂಟೆ ಚೌಕಾಸಿ ಮಾಡೋ ನಮ್ಮ ಮಂದಿ ಈ ಸಾಲಿಗೆ ಬಂದಾಗ ‘ಗಾಡಿ ನಿಲ್ಲಿಸೋಕೆ ಜಾಗ ಬೇಕಲ್ಲ ಬಿಡಪ್ಪ’ ಅಂತ ದಾಟಿ ಹೋಗ್ತಾರೆ. ಏಪ್ರಿಲ್ ಮೇ ತಿಂಗಳ ನಮ್ಮೂರ ಬಿಸಿಲಲ್ಲಿ ಕಾರು ಹೊರಗೆ ನಿಲ್ಲಿಸಿ ಸಂಜೆ ಸ್ಟೀರಿಂಗ್ ಮುಟ್ಟಿದವರಿಗೆ ಇದು ಯಾಕೆ ಅಂತ ಹೇಳೋದೇ ಬೇಡ. ಆದ್ರೆ ಆ ದುಡ್ಡಿಗೆ ಕೈಗೆ ಏನು ಸಿಗ್ತೈತೆ ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ.

ಹೆಚ್ಚಿನ ಕಡೆ ಅದು ಜಾಗದ ಬೆಲೆ ಅಲ್ಲ, ಆ ಜಾಗದಲ್ಲಿ ನೀವೊಬ್ರೇ ಗಾಡಿ ನಿಲ್ಲಿಸೋ ಹಕ್ಕಿನ ಬೆಲೆ. ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಬರ್ತ್ ರಿಸರ್ವ್ ಮಾಡಿಸಿದ ಹಂಗೆ, ಬೇರೆಯವ್ರು ಬಂದು ಮಲಗೋ ಹಂಗಿಲ್ಲ ನಿಜ, ಹಂಗಂತ ಆ ಹಲಗೆ ಕಿತ್ಕೊಂಡು ಮನೆಗೆ ಒಯ್ಯೋಕೂ ಆಗಲ್ಲ. ‘ನಾನು ಪಾರ್ಕಿಂಗ್ ಕೊಂಡುಕೊಂಡಿದೀನಿ’ ಅನ್ನೋರು ತಮ್ಮ ಅಗ್ರಿಮೆಂಟ್ ತೆಗೆದು ಓದಿದ್ರೆ ಅಲ್ಲಿ ಕೊಂಡುಕೊಂಡ ಮಾತಿಗಿಂತ ಬಳಸೋ ಹಕ್ಕಿನ ಮಾತೇ ಜಾಸ್ತಿ ಕಾಣ್ತೈತೆ.

ಯಾಕೆ ಹಿಂಗೆ ಅಂದ್ರೆ ಪಾರ್ಕಿಂಗ್ ಅಂತ ನಾವು ಒಂದೇ ಹೆಸರಲ್ಲಿ ಕರೆಯೋದರಲ್ಲಿ ಮೂರು ಬೇರೆ ಬೇರೆ ಜಾತಿ ಐತೆ. ಒಂದು ಓಪನ್, ಅಂದ್ರೆ ಕಾಂಪೌಂಡ್ ಒಳಗೆ ಆಕಾಶದ ಕೆಳಗೆ. ಇನ್ನೊಂದು ಸ್ಟಿಲ್ಟ್, ಬಿಲ್ಡಿಂಗ್ ಕೆಳಗೆ ಬರೀ ಪಿಲ್ಲರ್ ಇರ್ತಾವೆ, ಮೇಲೆ ಸ್ಲ್ಯಾಬ್, ಸುತ್ತ ಗೋಡೆ ಇಲ್ಲ, ಗಾಂಧಿನಗರ ಕಡೆ ಆಗಲಿ ರಾಯಚೂರಲ್ಲಿ ಆಗಲಿ ನಾಲ್ಕು ಮಹಡಿ ಅಪಾರ್ಟ್‌ಮೆಂಟಲ್ಲಿ ನೀವು ನೋಡೋದು ಬಹಳಷ್ಟು ಇದೇ, ಬೇಸ್‌ಮೆಂಟ್ ಇದ್ರೆ ಅದೂ ಇದರ ಪಕ್ಕದ ಲೆಕ್ಕಕ್ಕೇ ಬರ್ತೈತೆ. ಮೂರನೇದು ಗ್ಯಾರೇಜು. 2016ರ ರೇರಾ ಕಾಯ್ದೆ, ಅಂದ್ರೆ ಬಿಲ್ಡರ್‌ಗಳ ವ್ಯವಹಾರಕ್ಕೆ ಲಗಾಮು ಹಾಕೋ ಕೇಂದ್ರದ ಕಾನೂನು, ಇದಕ್ಕೆ ಕೊಟ್ಟ ಅರ್ಥ ಮೇಲೆ ಛಾವಣಿ, ಮೂರು ಕಡೆ ಗೋಡೆ ಇರೋ ಜಾಗ ಅಂತ. ಹಂಗಾದ್ರೆ ಸ್ಟಿಲ್ಟಲ್ಲಿ ನೆಲದ ಮೇಲೆ ಹಳದಿ ಪೇಂಟಲ್ಲಿ ಒಂದು ಚೌಕ ಎಳೆದು, ಪಿಲ್ಲರ್ ಮೇಲೆ ‘204’ ಅಂತ ಬರೆದು ಕೊಟ್ರೆ ಅದು ಗ್ಯಾರೇಜ್ ಆಗಲ್ಲ, ಗೋಡೆ ಎಲ್ಲಿ?

ಅದೇ ಕಾಯ್ದೆ ಓಪನ್ ಪಾರ್ಕಿಂಗನ್ನ ನೇರವಾಗಿ ಕಾಮನ್ ಏರಿಯಾ ಪಟ್ಟಿಗೆ ಹಾಕೈತೆ, ಕಾಮನ್ ಬೇಸ್‌ಮೆಂಟು, ಟೆರೇಸು, ಪಾರ್ಕು ಇವುಗಳ ಜೊತೆ. ಅಂದ್ರೆ ಅದು ಎಲ್ಲಾ ಫ್ಲ್ಯಾಟಿನವರದ್ದು, ಬಿಲ್ಡರ್ ಅದನ್ನ ಒಬ್ಬೊಬ್ರಿಗೆ ಮಾರೋಕೆ ಬರಲ್ಲ. ಬಯಲಲ್ಲಿ ನಿಲ್ಲಿಸೋಕೆ ಎಂಬತ್ತು ಸಾವಿರ ಕೊಡಿ ಅಂತ ಯಾರಾದ್ರೂ ಕೇಳಿದ್ರೆ ಅಲ್ಲೇ ನಿಲ್ಲಿಸಿ ‘ಎಲ್ಲರ ಜಾಗನ ನನಗೊಬ್ಬನಿಗೆ ಹೆಂಗೆ ಮಾರ್ತೀರಿ?’ ಅಂತ ಕೇಳಬೇಕು.

ಸ್ಟಿಲ್ಟ್ ವಿಷಯ ಮಾತ್ರ ಸ್ವಲ್ಪ ಗೋಜಲು. 2010ರ ಆಗಸ್ಟ್ 31ಕ್ಕೆ ಸುಪ್ರೀಂ ಕೋರ್ಟ್ ನಹಲ್‌ಚಂದ್ ಲಲ್ಲೂಚಂದ್ ಮತ್ತು ಪಾಂಚಾಲಿ ಹೌಸಿಂಗ್ ಸೊಸೈಟಿ ಕೇಸಲ್ಲಿ ಹೇಳ್ತು, ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜ್ ಅಲ್ಲ, ಅದು ಕಾಮನ್ ಏರಿಯಾನೇ, ಬಿಲ್ಡರ್ ಬೇರೆಯಾಗಿ ಮಾರೋ ಹಂಗಿಲ್ಲ ಅಂತ. ವಾಟ್ಸಾಪಲ್ಲಿ ‘ಪಾರ್ಕಿಂಗಿಗೆ ದುಡ್ಡು ಕೇಳೋದು ಕಾನೂನುಬಾಹಿರ’ ಅಂತ ಓಡಾಡೋ ಮೆಸೇಜಿನ ಬೇರು ಇದೇ. ಆದ್ರೆ ಆ ತೀರ್ಪು ಬಂದಿದ್ದು ಮಹಾರಾಷ್ಟ್ರದ 1963ರ ಫ್ಲ್ಯಾಟ್ ಕಾಯ್ದೆ ಮೇಲೆ. ನಮ್ಮಲ್ಲಿ ಇರೋದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ. ಅದರಲ್ಲೂ ಬೇಸ್‌ಮೆಂಟು, ಗಾರ್ಡನ್ನು, ಪಾರ್ಕಿಂಗ್ ಜಾಗ ಎಲ್ಲಾ ಕಾಮನ್ ಏರಿಯಾ ಅಂತಲೇ ಐತೆ, ಆದ್ರೆ ಮುಂದೆ ಒಂದು ಬಾಲ ಹಾಕಿದಾರೆ: ಡಿಕ್ಲರೇಷನ್‌ನಲ್ಲಿ ಬೇರೆ ಥರ ಹೇಳಿರದಿದ್ರೆ ಅಂತ. ಈ ಡೀಡ್ ಆಫ್ ಡಿಕ್ಲರೇಷನ್ ಅನ್ನೋದು ಇಡೀ ಬಿಲ್ಡಿಂಗಿನ ಜಾತಕ ಇದ್ದಂಗೆ, ಯಾರ ಪಾಲು ಎಷ್ಟು, ಯಾವುದು ಎಲ್ಲರದ್ದು, ಯಾವುದು ಕೆಲವರಿಗಷ್ಟೇ ಅಂತ ಅದರಲ್ಲಿ ಬರೆದು ರಿಜಿಸ್ಟರ್ ಮಾಡಿಸ್ತಾರೆ. ಕೆಲವರಿಗಷ್ಟೇ ಅಂತ ಮೀಸಲಿಟ್ಟ ಜಾಗಕ್ಕೆ ಲಿಮಿಟೆಡ್ ಕಾಮನ್ ಏರಿಯಾ ಅಂತಾರೆ. ನಿಮ್ಮ ‘204’ ನಂಬರಿನ ಚೌಕ ಆ ಪಟ್ಟಿಯಲ್ಲಿ ಇದ್ರೆ ನಿಮ್ಮ ಹಕ್ಕು ಗಟ್ಟಿ. ಬರೀ ಪಿಲ್ಲರ್ ಮೇಲೆ ಇದ್ರೆ, ನಾಳೆ ಅಸೋಸಿಯೇಷನ್ ಮೀಟಿಂಗಲ್ಲಿ ಯಾರೋ ಎದ್ದು ನಿಂತು ‘ಲಾಟರಿ ಎತ್ತಿ ಹೊಸದಾಗಿ ಹಂಚೋಣ’ ಅಂದ್ರೆ ನಿಮ್ಮ ಕೈಯಲ್ಲಿ ತೋರಿಸೋಕೆ ಬಿಲ್ಡರ್ ಕೊಟ್ಟ ರಸೀದಿ ಬಿಟ್ರೆ ಏನೂ ಇರಲ್ಲ. (ಮೀಟಿಂಗಿಗೆ ಅಂತ ಕೆಳಗೆ ಇಳಿಯದೇ ಇರೋರು ಕೂಡ ಪಾರ್ಕಿಂಗ್ ಅಜೆಂಡಾ ಇದ್ದ ದಿನ ಐದು ನಿಮಿಷ ಮೊದಲೇ ಕುರ್ಚಿ ಹಿಡಿದಿರ್ತಾರೆ.)

ಬಿಲ್ಡರ್ ಕಡೆಯಿಂದಾನೂ ನೋಡಬೇಕು. ಗಾಡಿ ನಿಲ್ಲೋದು ಎರಡೂವರೆ ಮೀಟರ್ ಅಗಲ ಐದು ಮೀಟರ್ ಉದ್ದದ ಜಾಗದಲ್ಲಿ, ಅಂದ್ರೆ ಸುಮಾರು 135 ಚದರಡಿ, ಆದ್ರೆ ಒಳಗೆ ಬರೋ ದಾರಿ, ತಿರುಗಿಸೋ ಜಾಗ ಎಲ್ಲಾ ಸೇರಿಸಿದ್ರೆ ಕೇಂದ್ರದ 2016ರ ಮಾದರಿ ಕಟ್ಟಡ ಬೈಲಾ ಪ್ರಕಾರ ನೆಲಮಹಡಿ ಪಾರ್ಕಿಂಗಲ್ಲಿ ಒಂದು ಕಾರಿಗೆ 28 ಚದರ ಮೀಟರ್, ಬೇಸ್‌ಮೆಂಟಲ್ಲಿ 32. ಅಂದ್ರೆ ಹೆಚ್ಚುಕಮ್ಮಿ ಮುನ್ನೂರು ಚದರಡಿ, ಒಂದು ಒಳ್ಳೆ ಹಾಲ್ ಸೈಜು. ಅದಕ್ಕೆ ಸ್ಲ್ಯಾಬು, ಕಬ್ಬಿಣ, ಪಿಲ್ಲರ್ ಎಲ್ಲಾ ಖರ್ಚು ಬಿದ್ದೇ ಬೀಳ್ತೈತೆ. ಬೇಸ್‌ಮೆಂಟ್ ಅಂದ್ರೆ ಇನ್ನೂ ದುಬಾರಿ, ಅದೂ ನಮ್ಮ ಕಡೆ. ಎರೆ ಮಣ್ಣಲ್ಲಿ ಅಗೆದ್ರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡೋ ಮಣ್ಣು ಗೋಡೆ ಮೇಲೆ ಒತ್ತತೈತೆ, ರಿಟೈನಿಂಗ್ ವಾಲ್ ದಪ್ಪ ಹಾಕಬೇಕು, ಬಳ್ಳಾರಿ ಗುಡ್ಡದ ಸುತ್ತಮುತ್ತ ಅಥವಾ ರಾಯಚೂರಲ್ಲಿ ಅಗೆದ್ರೆ ಬಂಡೆ ಸಿಗ್ತೈತೆ, ಬ್ರೇಕರ್ ತರಿಸಬೇಕು. ಹಂಗಾಗಿ ಖರ್ಚೇ ಇಲ್ಲ ಅನ್ನೋ ಮಾತು ಸರಿಯಲ್ಲ. ಆದ್ರೆ ಇನ್ನೊಂದು ಮಗ್ಗುಲೂ ಐತೆ. ಪ್ಲಾನ್ ಪಾಸ್ ಮಾಡೋವಾಗ ಸ್ಟಿಲ್ಟ್ ಪಾರ್ಕಿಂಗ್ ಜಾಗನ ಸಾಮಾನ್ಯವಾಗಿ ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಕಟ್ಟಬಹುದು ಅನ್ನೋ ಮಿತಿ) ಲೆಕ್ಕಕ್ಕೆ ಹಿಡಿಯಲ್ಲ, ಅಂದ್ರೆ ಕಾರು ನಿಲ್ಲಿಸೋಕೆ ಜಾಗ ಬಿಟ್ಟಿದ್ದಕ್ಕೆ ಬಿಲ್ಡರಿಗೆ ಮಾರೋ ಮನೆ ಒಂದೂ ಕಮ್ಮಿ ಆಗಿರಲ್ಲ. ಜೊತೆಗೆ ನಿಮಗೆ ಕೊಟ್ಟ ರೇಟು ಸೂಪರ್ ಬಿಲ್ಟಪ್ ಮೇಲೆ ಆಗಿದ್ರೆ ಮೆಟ್ಟಿಲು ಲಿಫ್ಟು ಕಾರಿಡಾರ್ ಪಾಲಿನ ದುಡ್ಡು ಆಗಲೇ ಅದರಲ್ಲಿ ಐತೆ, ಅದರೊಳಗೆ ಪಾರ್ಕಿಂಗನ್ನೂ ಸೇರಿಸಿದಾರಾ ಅಂತ ಕೇಳಿ. ಸೇರಿಸಿ ಮತ್ತೆ ಬೇರೆ ಸಾಲಲ್ಲಿ ಕೇಳಿದ್ರೆ ಒಂದೇ ಜಾಗಕ್ಕೆ ಎರಡು ಸಲ ಕೊಟ್ಟ ಹಂಗೆ.

ಈಗ ಯಾರೂ ಹೇಳದೇ ಇರೋ ಖರ್ಚು, ಟ್ಯಾಕ್ಸಿಂದು. ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. 2019ರ ಏಪ್ರಿಲ್ 1ರಿಂದ ಕಟ್ಟುತ್ತಾ ಇರೋ ಫ್ಲ್ಯಾಟಿಗೆ ಜಿಎಸ್‌ಟಿ ಶೇ 5, ಅದೇ ಅಫೋರ್ಡಬಲ್ ಅನ್ನೋ ವರ್ಗಕ್ಕೆ ಬಂದ್ರೆ ಶೇ 1. ಮೆಟ್ರೋ ಅಲ್ಲದ ಊರಲ್ಲಿ, ಅಂದ್ರೆ ಬಳ್ಳಾರಿ ರಾಯಚೂರು ಕೊಪ್ಪಳ ಎಲ್ಲಾ, ಕಾರ್ಪೆಟ್ ಏರಿಯಾ (ಮನೆ ಒಳಗೆ ಬಳಸೋಕೆ ಸಿಗೋ ಜಾಗ) 90 ಚದರ ಮೀಟರ್ ಒಳಗೆ ಮತ್ತೆ ಒಟ್ಟು ಬೆಲೆ 45 ಲಕ್ಷದ ಒಳಗೆ ಇರಬೇಕು. ಈ ‘ಒಟ್ಟು’ ಅನ್ನೋದರಲ್ಲಿ ಪಾರ್ಕಿಂಗ್ ಚಾರ್ಜೂ ಸೇರ್ತೈತೆ, ನೋಟಿಫಿಕೇಷನ್‌ನಲ್ಲಿ ಹೆಸರು ಹಿಡಿದೇ ಬರೆದಿದಾರೆ. ಉದಾಹರಣೆಗೆ ಫ್ಲ್ಯಾಟ್ 43.5 ಲಕ್ಷ ಅನ್ನಿ, ಜಿಎಸ್‌ಟಿ ಶೇ 1ರಲ್ಲಿ 43,500 ರೂಪಾಯಿ. ಅದಕ್ಕೆ ಎರಡೂವರೆ ಲಕ್ಷದ ಪಾರ್ಕಿಂಗ್ ಸೇರಿದ್ರೆ 46 ಲಕ್ಷ ಆಯ್ತು, ಗೆರೆ ದಾಟ್ತು, ಈಗ ಇಡೀ 46 ಲಕ್ಷದ ಮೇಲೆ ಶೇ 5, ಅಂದ್ರೆ 2,30,000. ಮುದ್ರಾಂಕ ಶುಲ್ಕದಲ್ಲೂ ಇದೇ 45 ಲಕ್ಷದ ಗೆರೆ ಐತೆ, ಕರ್ನಾಟಕದ 2021-22ರ ಬಜೆಟ್‌ನಲ್ಲಿ 35ರಿಂದ 45 ಲಕ್ಷದ ಫ್ಲ್ಯಾಟಿನ ಮೊದಲ ರಿಜಿಸ್ಟ್ರೇಷನ್‌ಗೆ ಶೇ 5 ಇದ್ದಿದ್ದನ್ನ 3ಕ್ಕೆ ಇಳಿಸಿದ್ರು. 43.5 ಲಕ್ಷಕ್ಕೆ ಶೇ 3 ಅಂದ್ರೆ 1,30,500, 46ಕ್ಕೆ ಶೇ 5 ಅಂದ್ರೆ 2,30,000, ಸೆಸ್ಸು ಸರ್‌ಚಾರ್ಜು ಬೇರೆ. ಕೂಡಿಸಿ ನೋಡಿ, ಶೀಟಲ್ಲಿ ಎರಡೂವರೆ ಲಕ್ಷ ಅಂತ ಕಂಡ ಪಾರ್ಕಿಂಗಿಗೆ ಜೇಬಿಂದ ಹೋಗೋದು ಐದು ಲಕ್ಷದ ಮೂವತ್ತಾರು ಸಾವಿರ. ಅದಕ್ಕೇ ಹೇಳೋದು, ಇಂಥ ಕಡೆ ಚೌಕಾಸಿ ಮಾಡಬೇಕಾಗಿರೋದು ಪಾರ್ಕಿಂಗ್ ಸಾಲಲ್ಲಿ. ಬಿಲ್ಡರ್ ಒಂದೇ ಒಂದು ಲಕ್ಷ ಬಿಟ್ಟು ಪಾರ್ಕಿಂಗ್ ಸೇರಿ 45ಕ್ಕೆ ತಂದ್ರೆ ನಿಮಗೆ ಉಳಿಯೋದು ಮೂರು ಲಕ್ಷದ ಎಂಬತ್ತು ಸಾವಿರ. ಒಸಿ (ಮನೆ ವಾಸಕ್ಕೆ ರೆಡಿ ಅನ್ನೋ ಸರ್ಟಿಫಿಕೇಟು) ಬಂದ ಮೇಲೆ ಪೂರ್ತಿ ದುಡ್ಡು ಕೊಟ್ಟು ರೆಡಿ ಫ್ಲ್ಯಾಟ್ ತಗೊಂಡ್ರೆ ಜಿಎಸ್‌ಟಿ ತಲೆನೋವೇ ಇಲ್ಲ, ಮುದ್ರಾಂಕದ್ದು ಮಾತ್ರ ಇರ್ತೈತೆ.

ಇಲ್ಲೇ ಕೆಲವರು ಒಂದು ‘ಉಪಾಯ’ ಹೇಳ್ತಾರೆ, ‘ಸರ್ ಪಾರ್ಕಿಂಗ್ ಅಮೌಂಟ್ ಕ್ಯಾಶಲ್ಲಿ ಕೊಟ್ಬಿಡಿ, ಅಗ್ರಿಮೆಂಟಲ್ಲಿ ಬೇಡ’ ಅಂತ. ಬೇಡ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಬ್ಯಾಂಕ್ ಲೋನ್ ಕೊಡೋದು ಅಗ್ರಿಮೆಂಟಲ್ಲಿ ಇರೋ ಬೆಲೆ ನೋಡಿ, ಎಲ್ಲಕ್ಕಿಂತ ಮುಖ್ಯ ನಾಳೆ ಆ ಜಾಗ ನಿಮ್ಮದು ಅನ್ನೋಕೆ ಕಾಗದನೇ ಇರಲ್ಲ.

ಕಾಗದದಲ್ಲಿ ಏನಿರಬೇಕು ಅಂದ್ರೆ, ರೇರಾ ನಿಯಮದ ಮಾದರಿ ಅಗ್ರಿಮೆಂಟಲ್ಲೇ ಗ್ಯಾರೇಜ್ ಅಥವಾ ಕವರ್ಡ್ ಪಾರ್ಕಿಂಗ್ ನಂಬರ್ ಬರೆಯೋಕೆ ಜಾಗ ಬಿಟ್ಟಿದಾರೆ, ಖಾಲಿ ಬಿಡಬೇಡಿ. ಫ್ಲ್ಯಾಟು ಮತ್ತೆ ಪಾರ್ಕಿಂಗ್ ಎರಡೂ ಸೇರಿ ಬೇರೆ ಮಾಡೋಕೆ ಬಾರದ ಒಂದೇ ಘಟಕ ಅನ್ನೋ ಷರತ್ತೂ ಅದರಲ್ಲಿ ಐತೆ, ಹಂಗಾಗಿ ಮನೆ ಇಟ್ಕೊಂಡು ಪಾರ್ಕಿಂಗ್ ಮಾತ್ರ ಪಕ್ಕದವರಿಗೆ ಮಾರ್ತೀನಿ ಅನ್ನೋದು ಕನಸು. ಮರುಮಾರಾಟದಲ್ಲಿ ತಗೊಳ್ಳೋರು ಹಳೇ ಓನರಿನ ಸೇಲ್ ಡೀಡಲ್ಲಿ ಆ ನಂಬರ್ ಐತಾ ನೋಡಿ, ‘ನಾವು ಹತ್ತು ವರ್ಷದಿಂದ ಅಲ್ಲೇ ನಿಲ್ಲಿಸ್ತಿದೀವಿ’ ಅನ್ನೋದು ದಾಖಲೆ ಅಲ್ಲ. ಎಷ್ಟು ಗ್ಯಾರೇಜ್ ಮಾರಾಟಕ್ಕಿದಾವೆ ಅಂತ ಬಿಲ್ಡರ್ ರೇರಾ ಪ್ರಾಧಿಕಾರಕ್ಕೆ ಮೊದಲೇ ಘೋಷಿಸಬೇಕು, ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಪ್ರಾಜೆಕ್ಟ್ ಹುಡುಕಿ ತಾಳೆ ನೋಡಬಹುದು. ಆದ್ರೆ ಜಾಗ 500 ಚದರ ಮೀಟರ್ ಮೀರದಿದ್ರೆ ಅಥವಾ ಫ್ಲ್ಯಾಟು ಎಂಟಕ್ಕಿಂತ ಜಾಸ್ತಿ ಇಲ್ಲದಿದ್ರೆ ರೇರಾ ರಿಜಿಸ್ಟ್ರೇಷನ್ ಕಡ್ಡಾಯ ಇಲ್ಲ, ನಮ್ಮೂರಲ್ಲಿ 40-60 ಸೈಟಲ್ಲಿ ಏಳೋ ಆರು ಫ್ಲ್ಯಾಟಿನ ಬಿಲ್ಡಿಂಗ್ ಹಂಗೇ ಹೊರಗೆ ಉಳಿತಾವೆ, ಅಂಥ ಕಡೆ ಪಾಸಾದ ಪ್ಲಾನ್ ಕೇಳಿ ಅದರಲ್ಲಿ ಪಾರ್ಕಿಂಗ್ ಎಷ್ಟು ಗುರುತು ಮಾಡಿದಾರೆ ಎಣಿಸಿ. ಆರು ಮನೆಗೆ ನಾಲ್ಕು ಚೌಕ ಇದ್ರೆ ಕೊನೆಗೆ ಬಂದ ಇಬ್ಬರಿಗೆ ರಸ್ತೆನೇ ಗತಿ.

ಸೈಟಿಗೆ ಹೋದಾಗ ಒಂದು ಟೇಪ್ ಒಯ್ದು ಚೌಕ ಅಳೆದು ಬನ್ನಿ, ಪಿಲ್ಲರ್ ಒಳಗೆ ಚಾಚ್ಕೊಂಡಿದ್ರೆ ಅದನ್ನ ಬಿಟ್ಟು ಅಳೀರಿ. ಸ್ವಿಫ್ಟ್ ಉದ್ದ 3.86 ಮೀಟರ್, ಎಲ್ಲಿ ಬೇಕಾದ್ರೂ ಕೂರ್ತೈತೆ. ಇನ್ನೋವಾ ಕ್ರಿಸ್ಟಾ 4.73 ಮೀಟರ್ ಉದ್ದ, 1.83 ಅಗಲ, ಎರಡೂವರೆ ಮೀಟರಿನ ಚೌಕದಲ್ಲಿ ಎರಡೂ ಕಡೆ ಸೇರಿ ಉಳಿಯೋದು ಎರಡು ಅಡಿ ಚಿಲ್ಲರೆ, ಒಂದು ಕಡೆ ಪಿಲ್ಲರ್ ಇದ್ರೆ ಡ್ರೈವರ್ ಇಳಿಯೋದೇ ಕಷ್ಟ. ಇಬ್ಬರಿಗೆ ಒಂದರ ಹಿಂದೆ ಒಂದು ಕೊಟ್ಟಿರೋ ಪಾರ್ಕಿಂಗ್ ಆದ್ರೆ ರೇಟ್ ಅರ್ಧಕ್ಕೆ ಕೇಳಿ, ಬೆಳಗ್ಗೆ ಏಳಕ್ಕೆ ತೋರಣಗಲ್ಲಿಗೆ ಶಿಫ್ಟಿಗೆ ಹೊರಡೋರು ಹಿಂದಿನ ಗಾಡಿಯವರ ಬಾಗಿಲು ದಿನಾ ಬಡಿಬೇಕಾಗ್ತೈತೆ.